ಹಾಡು ಹಾರಿಸದೆ ಕೇಳಿದ ಆಲ್ಬಮ್‌ಗಳು

ಒಂದು ಆಲ್ಬಮ್ ಬಗ್ಗೆ ಮಾತಾಡಬೇಕಾದರೆ ಅದನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಒಂದನ್ನೂ ಹಾರಿಸದೆ ಕೇಳಿರಬೇಕು. ನಾನು ಹಾಕಿಕೊಂಡಿರುವ ನಿಯಮ ಇದೊಂದೇ. ಫೋನಿನಲ್ಲಿ ಬಿಡಿ ಹಾಡುಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ, ಅವನ್ನೂ ಖುಷಿಯಿಂದಲೇ ಕೇಳುತ್ತೇನೆ. ಆದರೆ ಒಳ್ಳೆಯ ಆಲ್ಬಮ್ ಮಾಡಿದವರು ಯಾವ ಹಾಡು ಮೊದಲು, ಯಾವುದು ಆಮೇಲೆ, ಎರಡರ ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕು ಅಂತೆಲ್ಲ ತಲೆ ಕೆಡಿಸಿಕೊಂಡಿರುತ್ತಾರೆ. ಆ ಕೆಲಸ ಕಿವಿಗೆ ಬೀಳಬೇಕಾದರೆ ಪೂರ್ತಿ ಕೇಳದೆ ಬೇರೆ ದಾರಿಯಿಲ್ಲ.

ಕೇಳುವ ಕ್ರಮ ಹೀಗೆ. ಮೊದಲ ಸಲ ಏನೂ ಓದುವುದಿಲ್ಲ. ಯಾರು ನುಡಿಸಿದರು, ಯಾವ ವರ್ಷ, ಯಾರು ಹೊಗಳಿದರು, ಯಾವುದೂ ಬೇಡ. ಎರಡನೇ ಸಲ ಕೈಯಲ್ಲಿ ತಾಳ ಹಾಕುತ್ತ ಕೇಳುತ್ತೇನೆ, ಶ್ರುತಿ ಹಿಡಿದು ಷಡ್ಜ, ಅಂದರೆ ಆಧಾರದ 'ಸ' ಸ್ವರ, ಎಲ್ಲಿದೆ ಅಂತ ಹುಡುಕುತ್ತೇನೆ. ಮೂರನೇ ಸಲಕ್ಕೆ ಮುಂಚೆ ಅದರ ಹಿನ್ನೆಲೆ ಓದಿಕೊಳ್ಳುತ್ತೇನೆ. ಆಮೇಲೆ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಟ್ಟು, ಕೆಲವು ತಿಂಗಳು ಬಿಟ್ಟು ಮತ್ತೆ ಕೇಳುತ್ತೇನೆ. ಆಗಲೂ ಅದೇ ಅನ್ನಿಸಿದರೆ ಅದು ನನ್ನ ಅಭಿಪ್ರಾಯ. ದುಬಾರಿ ಸಲಕರಣೆ ಏನೂ ಬೇಕಿಲ್ಲ. ವೈರಿನ ಸಾಧಾರಣ ಹೆಡ್‌ಫೋನ್ ಸಾಕು. ಸ್ಪೀಕರ್ ಆದರೆ ಎರಡೂ ನನ್ನಿಂದ ಒಂದೇ ದೂರದಲ್ಲಿರುವಂತೆ ಇಟ್ಟು ಎದುರಿಗೆ ಕೂರುತ್ತೇನೆ. ಸೌಂಡು ಕಡಿಮೆ ಇಟ್ಟಷ್ಟೂ ಕಿವಿ ಚುರುಕಾಗುತ್ತದೆ ಅನ್ನುವುದು ನನ್ನ ಅನುಭವ.

ನನಗಿರುವ ಸಂಗೀತದ ಪಾಠ ಅಂದರೆ ಚಿಕ್ಕಂದಿನಲ್ಲಿ ಸಾಗರದಲ್ಲಿ ಕಲಿತದ್ದು. ಸರಳೆ, ಜಂಟಿ, ಅಲಂಕಾರ, ಗೀತೆ, ಕೆಲವು ವರ್ಣ. ಜಾಝ್, ರಾಕ್, ಯುರೋಪಿನ ಶಾಸ್ತ್ರೀಯ ಸಂಗೀತಕ್ಕೆ ಬೇರೆಯದೇ ಪಾಠ ಬೇಕು, ಅದು ನಮ್ಮಂಥವರಿಗಲ್ಲ ಅಂತ ಎಷ್ಟೋ ಜನ ದೂರ ಉಳಿಯುತ್ತಾರೆ. ನಾನು ಒಪ್ಪುವುದಿಲ್ಲ. ಆದಿತಾಳ ಹಾಕಲು ಬರುವ ಕೈ, ಖರಹರಪ್ರಿಯ ರಾಗ ಕೇಳಿ ಗೊತ್ತಿರುವ ಕಿವಿ, ಭಾವಗೀತೆ ಕೇಳಿ ಬೆಳೆದ ಮನಸ್ಸು ಇದ್ದರೆ ಯಾವ ಸಂಗೀತದ ಬಾಗಿಲನ್ನು ಬೇಕಾದರೂ ತಟ್ಟಬಹುದು.

ಪೂರ್ತಿ ಕೇಳುವ ರೂಢಿ ಹತ್ತಿದ್ದೇ ಭಾವಗೀತೆಯಿಂದ. 1978ರಲ್ಲಿ ಬಂದ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ರಾಗ ಸಂಯೋಜನೆ. ಕ್ಯಾಸೆಟ್ಟಿನಲ್ಲಿ ಹಾಡು ಹಾರಿಸುವುದು ಸುಲಭವಲ್ಲ, ಹಾಗಾಗಿ ಎ ಸೈಡ್ ಮುಗಿಯುವವರೆಗೆ ಕೇಳಿ, ತಿರುಗಿಸಿ ಹಾಕಿ ಬಿ ಸೈಡ್ ಕೇಳುವುದೇ ಅಭ್ಯಾಸವಾಯಿತು.

ಈಗ ಕೇಳಿದಾಗ ಅದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅನಂತಸ್ವಾಮಿ ಅವರ ಸಂಯಮ. ಶೀರ್ಷಿಕೆ ಗೀತೆಯನ್ನೇ ನೋಡಿ. ಕವಿತೆ ಮೂರು ಮೂರು ಮಾತ್ರೆಯ ಗಣಗಳಲ್ಲಿ ನಡೆಯುತ್ತದೆ. ಜೋಗ, ತುಂಗೆ, ಸಹ್ಯಾದ್ರಿ ಅಂತ ಒಂದೊಂದೇ ಸಾಲು ಬಂದು 'ಅಲ್ಲಿ' ಅಂತ ಮುಗಿಯುತ್ತದೆ, ಮಾತು ಪೂರ್ತಿಯಾಗುವುದು ಪಲ್ಲವಿಗೆ ಬಂದಾಗ ಮಾತ್ರ. ಅಲ್ಲಿಯವರೆಗೆ ಕೇಳುಗ ಕಾಯಬೇಕು. ಅನಂತಸ್ವಾಮಿ ಆ ಕಾಯುವಿಕೆಯನ್ನು ಹಾಗೇ ಉಳಿಸಿದ್ದಾರೆ. ಸಂಗತಿ ಹಾಕಿ, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ತಿರುಗಿಸಿ ಹಾಡಿ, ಪದವನ್ನು ಎಳೆಯುವುದಿಲ್ಲ, ಗಣ ಒಡೆಯುವುದಿಲ್ಲ. ಆ ಕವಿತೆಯಲ್ಲಿ ಸಹ್ಯಾದ್ರಿಯ ಎತ್ತರದಲ್ಲಿ ಲೋಹದ ಅದಿರೂ ಕಾಣುತ್ತದೆ. ಅದು ಭೂವಿಜ್ಞಾನ ಕಲಿಸುತ್ತಿದ್ದ ಕವಿಯ ಕಣ್ಣು. ಜೋಗದ ಪಕ್ಕದ ಊರಿನವನಾದ ನನಗೆ ಆ ಸಾಲು ಬಂದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಇಷ್ಟು ಸ್ಪಷ್ಟವಾಗಿ ಪದ ಕೇಳಿಸದಿದ್ದರೆ ಅದು ಗಮನಕ್ಕೇ ಬರುತ್ತಿರಲಿಲ್ಲ.

ಸಿ. ಅಶ್ವತ್ಥ್ ಅವರ ದಾರಿ ಪೂರಾ ಬೇರೆ. ಶಿಶುನಾಳ ಷರೀಫರ ತತ್ವಪದಗಳನ್ನು ಅವರು ಹಾಡಿರುವುದು ಕೇಳಿ. ದನಿಯನ್ನು ಎತ್ತಿ ಎಸೆಯುತ್ತಾರೆ, ಒಮ್ಮೊಮ್ಮೆ ಪದವೇ ಆ ದನಿಯ ಹಿಂದೆ ಓಡಬೇಕಾಗುತ್ತದೆ. ಷರೀಫರ ಪದಕ್ಕೆ ಅದು ಸರಿ, ಅಲ್ಲಿ ಕೂಗಿ ಎಬ್ಬಿಸುವುದೇ ಉದ್ದೇಶ ಅಲ್ವಾ. ಕವಿತೆಯನ್ನು ಕವಿತೆಯಾಗಿ ಕೇಳಬೇಕು ಅನ್ನಿಸಿದ ದಿನ ಮಾತ್ರ ನನ್ನ ಕೈ ಅನಂತಸ್ವಾಮಿ ಅವರ ಕಡೆಗೇ ಹೋಗುತ್ತದೆ.

ಜಾಝ್‌ನಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ'. ಎಲ್ಲರೂ ಹೇಳುತ್ತಾರೆ ಅನ್ನುವುದು ಕಾರಣವಲ್ಲ, ಆದರೆ ಇದರ ವಿಷಯದಲ್ಲಿ ಎಲ್ಲರೂ ಹೇಳುವುದು ನಿಜ. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನದ ರೆಕಾರ್ಡಿಂಗ್. ಜಾಗ ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಕಂಪನಿಯ ಸ್ಟುಡಿಯೋ. ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ, ಎತ್ತರದ ಚಾವಣಿ. ಆ ಎತ್ತರ ರೆಕಾರ್ಡಿನಲ್ಲಿ ಕೇಳಿಸುತ್ತದೆ. ಡ್ರಮ್ಮಿನ ತಾಳದ ತಟ್ಟೆಗೆ ಏಟು ಬಿದ್ದ ಮೇಲೆ ಆ ಸದ್ದು ಎಲ್ಲಿಗೋ ಹೋಗಿ ಕರಗುವುದನ್ನು ಗಮನಿಸಿ.

ಮೊದಲ ಟ್ರ್ಯಾಕ್ 'ಸೋ ವಾಟ್' ನಮ್ಮ ಕಡೆಯ ಕಿವಿಗೆ ಹೇಳಿ ಮಾಡಿಸಿದ್ದು. ಅದು ನಿಂತಿರುವುದು ಅಲ್ಲಿಯವರು ಡೋರಿಯನ್ ಅನ್ನುವ ಸ್ವರಶ್ರೇಣಿಯ ಮೇಲೆ. ಸ್ವರಗಳನ್ನು ಲೆಕ್ಕ ಹಾಕಿದರೆ ನಮ್ಮ ಖರಹರಪ್ರಿಯ, ಹಿಂದೂಸ್ತಾನಿಯವರ ಕಾಫಿ ಥಾಟ್. ಸ್ವರವನ್ನು ತೂಗಿಸುವ ಗಮಕ ಇಲ್ಲ, ಹಾಗಾಗಿ ರಾಗ ಅಂತ ಹೇಳಲಾರೆ. ಸ್ವರಗಳು ಮಾತ್ರ ಅವೇ. ಶುರುವಿನಲ್ಲಿ ಪಿಯಾನೋ ಮತ್ತು ಬಾಸ್ (ಮಂದ್ರ ಸ್ವರದ ತಂತಿವಾದ್ಯ) ಲಯವಿಲ್ಲದೆ ಮೆಲ್ಲಗೆ ಮಾತಾಡಿಕೊಳ್ಳುತ್ತವೆ. ಆಮೇಲೆ ಬಾಸ್ ಒಂದು ಮಾತು ಕೇಳುತ್ತದೆ, ಉಳಿದ ವಾದ್ಯಗಳು ಎರಡೇ ಏಟಿನಲ್ಲಿ ಉತ್ತರ ಕೊಡುತ್ತವೆ.

ಇಲ್ಲಿ ಆದಿತಾಳ ಹಾಕಿ ನೋಡಿ, ಎಂಟು ಎಣಿಸಿದರೆ ಒಂದು ಆವರ್ತನ. ಎಂಟು ಆವರ್ತನ ಒಂದು ಷಡ್ಜದಲ್ಲಿ ಸಾಗುತ್ತದೆ. ಆಮೇಲೆ ನಾಲ್ಕು ಆವರ್ತನ ಷಡ್ಜವೇ ಅರ್ಧ ಸ್ವರ ಮೇಲಕ್ಕೆ ಹೋಗುತ್ತದೆ. ಮತ್ತೆ ನಾಲ್ಕು ಆವರ್ತನ ಹಳೆಯ ಜಾಗ. ಅಲ್ಲಿಗೆ ಒಂದು ಸುತ್ತು. ಮುಂದಿನ ಸುತ್ತು ಅದೇ ಷಡ್ಜದಲ್ಲೇ ಶುರುವಾಗುವುದರಿಂದ ನಮಗೆ ಕೇಳಿಸುವುದು ಹನ್ನೆರಡು ಆವರ್ತನದ ಒಂದು ಉದ್ದನೆಯ ನೆಲೆ, ನಡುವೆ ನಾಲ್ಕು ಆವರ್ತನದ ಒಂದು ಏರು. ನಮ್ಮಲ್ಲಿ ತಂಬೂರಿಯ ಷಡ್ಜ ಅಲ್ಲಾಡುವುದೇ ಇಲ್ಲ. ಅದಕ್ಕೇ ಆ ಅರ್ಧ ಸ್ವರದ ಜಿಗಿತ ನಮಗೆ ಇನ್ನೂ ಜಾಸ್ತಿ ತಟ್ಟುತ್ತದೆ, ಕಾಲ ಕೆಳಗಿನ ನೆಲವೇ ಮೇಲೆದ್ದ ಹಾಗೆ. ಡೇವಿಸ್ ಟ್ರಂಪೆಟ್ ಎತ್ತಿಕೊಳ್ಳುವ ಕ್ಷಣಕ್ಕೆ ಸರಿಯಾಗಿ ಡ್ರಮ್ಮರ್ ಜಿಮ್ಮಿ ಕಾಬ್ ತಟ್ಟೆಗೆ ಒಂದು ಏಟು ಕೊಡುತ್ತಾರೆ. ಇಡೀ ಆಲ್ಬಮ್‌ನಲ್ಲಿ ಅದಕ್ಕಿಂತ ಜೋರಾದ ಸದ್ದು ನನಗೆ ನೆನಪಿಲ್ಲ.

ಆದರೂ ನನ್ನ ಮನಸ್ಸಿಗೆ ಹತ್ತಿರವಾದದ್ದು ಕೊನೆಯ 'ಫ್ಲಮೆಂಕೊ ಸ್ಕೆಚಸ್'. ಐದು ಸ್ವರಶ್ರೇಣಿಗಳಿವೆ, ಒಂದರಿಂದ ಇನ್ನೊಂದಕ್ಕೆ ಯಾವಾಗ ಹೋಗಬೇಕು ಅನ್ನುವುದು ನುಡಿಸುವವರ ಇಷ್ಟ. ಒಂದೊಂದರಲ್ಲಿ ಬೇಕಾದಷ್ಟು ಹೊತ್ತು ನಿಲ್ಲಬಹುದು. ಆಲಾಪನೆಯಲ್ಲಿ ವಿದ್ವಾಂಸರು ಒಂದು ಸ್ವರದ ಮೇಲೆ ನಿಂತು, ಸಾಕು ಅನ್ನಿಸಿದಾಗ ಮುಂದೆ ಹೋಗುವುದು ನೆನಪಾಗುತ್ತದೆ. ಸ್ಯಾಕ್ಸಫೋನ್ ನುಡಿಸುವ ಜಾನ್ ಕೋಲ್ಟ್ರೇನ್ ಇಲ್ಲಿ ಎಷ್ಟು ಕಡಿಮೆ ಸ್ವರ ಖರ್ಚು ಮಾಡುತ್ತಾರೆ ಕೇಳಿ. ಆ ಕಾಲದಲ್ಲಿ ಸ್ವರಗಳ ಮಳೆ ಸುರಿಸುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ.

ಕೇಳುವವರಿಗೆ ಉಪಯೋಗಕ್ಕೆ ಬರುವ ಒಂದು ಮಾತು. ಮೊದಲ ದಿನ ಟೇಪ್ ಯಂತ್ರದ ವೇಗದಲ್ಲಿ ವ್ಯತ್ಯಾಸವಿತ್ತು, ಹಾಗಾಗಿ ಹಳೆಯ ಎಲ್‌ಪಿ ರೆಕಾರ್ಡುಗಳಲ್ಲಿ ಮೊದಲ ಸೈಡಿನ ಮೂರು ಟ್ರ್ಯಾಕ್‌ಗಳು ಶ್ರುತಿಯಲ್ಲಿ ಸ್ವಲ್ಪ ಮೇಲೆ ಕೇಳಿಸುತ್ತವೆ. 1990ರ ದಶಕದ ಮರುಬಿಡುಗಡೆಗಳಲ್ಲಿ ಅದನ್ನು ಸರಿಮಾಡಿದರು. ಶ್ರುತಿಪೆಟ್ಟಿಗೆ ಇಟ್ಟುಕೊಂಡು ಕೇಳುವ ಆಸೆ ಇರುವವರು ಹೊಸದನ್ನೇ ಆರಿಸಿಕೊಳ್ಳಿ.

ಅದೇ 30ನೇ ಬೀದಿಯ ಸ್ಟುಡಿಯೋದಲ್ಲಿ 1955ರಲ್ಲಿ ಕೆನಡಾದ ಪಿಯಾನೋ ವಾದಕ ಗ್ಲೆನ್ ಗೌಲ್ಡ್, ಜರ್ಮನಿಯ ಸಂಯೋಜಕ ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ನುಡಿಸಿದರು. ಆಗ ಅವರಿಗೆ 22 ವರ್ಷ. 1981ರಲ್ಲಿ ಮತ್ತೆ ಅದೇ ಜಾಗಕ್ಕೆ ಬಂದು ಅದೇ ಕೃತಿಯನ್ನು ಹೊಸದಾಗಿ ರೆಕಾರ್ಡ್ ಮಾಡಿದರು. ಮೊದಲನೆಯದು ಸುಮಾರು 38 ನಿಮಿಷ, ಎರಡನೆಯದು 51 ನಿಮಿಷ. ಎರಡನ್ನೂ ಹಿಂದೆ ಮುಂದೆ ಇಟ್ಟು ಕೇಳುವುದು ನನಗೆ ಸಿಕ್ಕ ದೊಡ್ಡ ಪಾಠ.

ಕೃತಿಯ ಕಟ್ಟಡ ಸರಳ. ಮೊದಲು ಏರಿಯಾ ಅನ್ನುವ, ಹಾಡಿನಂಥ ಒಂದು ಮಧುರವಾದ ಭಾಗ. ಅದರ ಕೆಳಗೆ ಎಡಗೈಯಲ್ಲಿ ಸಾಗುವ ಮಂದ್ರ ಸ್ವರಗಳ ಆಧಾರದ ಮೇಲೆ ಮೂವತ್ತು ಬದಲಾವಣೆಗಳು. ಕೊನೆಗೆ ಮತ್ತೆ ಅದೇ ಏರಿಯಾ. ಹೊಸಬರು ಮೇಲಿನ ರಾಗವನ್ನು ಹುಡುಕಿ ಸುಸ್ತಾಗುತ್ತಾರೆ, ಏಕೆಂದರೆ ಅದು ಬದಲಾವಣೆಗಳಲ್ಲಿ ಬರುವುದೇ ಇಲ್ಲ. ಉಳಿಯುವುದು ಕೆಳಗಿನ ನಡೆ. ನಾನು ಏರಿಯಾ ಒಂದನ್ನೇ ಹಲವು ಸಲ ಕೇಳಿ, ಬರೀ ಎಡಗೈಯ ಸ್ವರಗಳನ್ನು ಬಾಯಲ್ಲಿ ಗುನುಗಲು ಬಂದ ಮೇಲೆ ಮುಂದೆ ಹೋದೆ. ಆಮೇಲೆ ಇಡೀ ಕೃತಿ ತೆರೆದುಕೊಂಡಿತು. ಗೌಲ್ಡ್ ಅವರೂ ನುಡಿಸುತ್ತ ಗುನುಗುತ್ತಾರೆ, ರೆಕಾರ್ಡಿನಲ್ಲಿ ಚೆನ್ನಾಗಿ ಕೇಳಿಸುತ್ತದೆ. ಕೆಲವರಿಗೆ ಅದು ಕಿರಿಕಿರಿ. ನನಗೆ ಬಹಳ ಇಷ್ಟ.

ಹುಡುಗನ 1955ರ ವೇಗಕ್ಕೆ ಬೆರಗಾಗದವರಿಲ್ಲ. ಬಹಳ ಜನ ಅದನ್ನೇ ಮೇಲೆ ಅನ್ನುತ್ತಾರೆ. ನನ್ನ ಆಯ್ಕೆ 1981ರದು. ಶುರುವಿನ ಏರಿಯಾದಲ್ಲೇ ಒಂದೊಂದು ಸ್ವರಕ್ಕೂ ಜಾಗ ಕೊಟ್ಟಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಒಂದು ಬದಲಾವಣೆಯಿಂದ ಮುಂದಿನದಕ್ಕೆ ಹೋಗುವಾಗ ಒಳಗಿನ ನಡೆ ತಪ್ಪುವುದಿಲ್ಲ. ವಿಳಂಬದಿಂದ ಮಧ್ಯ ಕಾಲಕ್ಕೆ ದಾಟುವಾಗ ತಾಳ ಹೇಗೆ ಕೂಡಿಕೊಳ್ಳಬೇಕು ಅಂತ ಗೊತ್ತಿರುವವರಿಗೆ ಇದು ತಕ್ಷಣ ತಿಳಿಯುತ್ತದೆ. ಮೂವತ್ತೂ ಸೇರಿ ಒಂದೇ ಕಛೇರಿ ಅನ್ನಿಸುತ್ತದೆ. 1955ರದರಲ್ಲಿ ನನಗೆ ಮೂವತ್ತು ಬೇರೆ ಬೇರೆ ಅದ್ಭುತಗಳು ಸಿಗುತ್ತವೆ, ಅಷ್ಟೇ.

ಹೆಚ್ಚು ಕಡಿಮೆ ಇದೇ ಕಾರಣಕ್ಕೆ ಪಿಂಕ್ ಫ್ಲಾಯ್ಡ್ ಅನ್ನುವ ರಾಕ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ನನಗೆ ದೊಡ್ಡ ಆಲ್ಬಮ್. 1973ರದು, ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಮಾಡಿದ್ದು, ರೆಕಾರ್ಡಿಂಗ್ ಎಂಜಿನಿಯರ್ ಅಲನ್ ಪಾರ್ಸನ್ಸ್. ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ, ನಡುವೆ ಹಾಡುಗಳು ಒಂದರೊಳಗೊಂದು ಸೇರಿಹೋಗುತ್ತವೆ. ಫೋನಿನಲ್ಲಿ ಕೇಳುವವರು ಹಾಡುಗಳ ನಡುವೆ ಅಂತರ ಬಾರದಂತೆ ಸೆಟ್ಟಿಂಗ್ ಮಾಡಿಕೊಳ್ಳಿ, ಇಲ್ಲದಿದ್ದರೆ ಅರ್ಧ ಮಜಾ ಹೋಗುತ್ತದೆ.

'ಮನಿ' ಹಾಡಿಗೆ ತಾಳ ಹಾಕಿದ ದಿನ ನಾನು ಕುಣಿದುಬಿಟ್ಟಿದ್ದೆ. ಏಳು ಎಣಿಕೆ! ತಕಿಟ ತಕಧಿಮಿ ಅಂತ ಬಾಯಲ್ಲಿ ಹೇಳಿಕೊಳ್ಳುತ್ತ ಹೋದರೆ ಸರಿಯಾಗಿ ಕೂಡಿಬರುತ್ತದೆ. ಶುರುವಿನ ನಾಣ್ಯ, ಗಲ್ಲಾಪೆಟ್ಟಿಗೆಯ ಸದ್ದುಗಳನ್ನೂ ಟೇಪ್ ಅಳೆದು ಕತ್ತರಿಸಿ, ಅಂಟಿಸಿ, ಏಳಕ್ಕೆ ಹೊಂದಿಸಿದ್ದಾರೆ. ಸ್ಯಾಕ್ಸಫೋನ್ ಭಾಗವೂ ಏಳರಲ್ಲೇ. ಗಿಟಾರ್ ಬರುವಾಗ ಎಣಿಕೆ ನಾಲ್ಕಕ್ಕೆ ಬದಲಾಗುತ್ತದೆ, ಆಗ ಹಾಡು ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡುತ್ತದೆ. ಬರೀ ಕೇಳಿದರೆ ಅದು ಉತ್ಸಾಹ ಅನ್ನಿಸುತ್ತದೆ. ತಾಳ ಹಾಕಿದರೆ ಆ ಉತ್ಸಾಹ ಎಲ್ಲಿಂದ ಬಂತು ಅಂತ ಕೈಗೇ ಗೊತ್ತಾಗುತ್ತದೆ.

ಮೊದಲ ಸೈಡಿನ ಕೊನೆಯಲ್ಲಿ ಕ್ಲೇರ್ ಟೋರಿ ಅನ್ನುವ ಗಾಯಕಿ ಒಂದೂ ಪದವಿಲ್ಲದೆ ಹಾಡುತ್ತಾರೆ. ಸಾವಿನ ಭಯ, ಸಿಟ್ಟು, ಸೋತು ಒಪ್ಪಿಕೊಳ್ಳುವುದು, ಎಲ್ಲವೂ ಬರೀ ದನಿಯಲ್ಲಿ. ಆ ದಿನ ಅವರಿಗೆ ಸಿಕ್ಕಿದ್ದು 30 ಪೌಂಡ್. ಆ ಹಾಡಿನ ರಚನೆಯಲ್ಲಿ ಅವರ ಹೆಸರೂ ಸೇರಿದ್ದು 2005ರಲ್ಲಿ, ಕೋರ್ಟಿಗೆ ಹೋದ ಮೇಲೆ. ಅದು ನ್ಯಾಯವೇ. ಆಲಾಪನೆ ಕೇಳಿ ಬೆಳೆದ ಯಾರನ್ನಾದರೂ ಕೇಳಿ, ಆ ಕ್ಷಣದಲ್ಲಿ ಹಾಡು ಕಟ್ಟಿದ್ದು ಯಾರು ಅಂತ ಅನುಮಾನವೇ ಬರುವುದಿಲ್ಲ. 'ಆನ್ ದಿ ರನ್' ಮಾತ್ರ ನನಗೆ ಇವತ್ತಿಗೂ ರುಚಿಸುವುದಿಲ್ಲ. ಯಂತ್ರದ ಹೊಸ ಸದ್ದು ಸಿಕ್ಕಿದ ಖುಷಿ ಬಿಟ್ಟರೆ ಅದರಲ್ಲಿ ಜಾಸ್ತಿ ಏನೂ ಇಲ್ಲ.

ಹೆವಿ ಮೆಟಲ್ ಕಡೆಗೆ ನನ್ನನ್ನು ಎಳೆದದ್ದು ಒಂದು ಸ್ವರ. 1970ರ ಫೆಬ್ರುವರಿ 13ರಂದು ಬಂದ 'ಬ್ಲ್ಯಾಕ್ ಸ್ಯಾಬತ್' ಆಲ್ಬಮ್, ತಂಡದ ಹೆಸರೂ ಅದೇ. ಬರ್ಮಿಂಗ್‌ಹ್ಯಾಮಿನ ಹುಡುಗರು ಅದನ್ನು ಹೆಚ್ಚು ಕಡಿಮೆ ಒಂದೇ ದಿನದಲ್ಲಿ ರೆಕಾರ್ಡ್ ಮಾಡಿ ಮುಗಿಸಿದ್ದರು. ಮಳೆ, ಗಂಟೆ, ಆಮೇಲೆ ಗಿಟಾರಿನಲ್ಲಿ ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿ ಮಧ್ಯಮ, ಅಂದರೆ ಎರಡು 'ಮ'ಗಳಲ್ಲಿ ಎತ್ತರದ್ದು. ಕಲ್ಯಾಣಿ ರಾಗದಲ್ಲಿ ಬಂದಾಗ ಬೆಳದಿಂಗಳಂತಿರುವ ಅದೇ ಮಧ್ಯಮ ಇಲ್ಲಿ ಎದೆ ನಡುಗಿಸುತ್ತದೆ. ಕಲ್ಯಾಣಿಯಲ್ಲಿ ಅದಕ್ಕೆ ಆ ಕಡೆ ಗಾಂಧಾರ, ಈ ಕಡೆ ಪಂಚಮ ಇರುತ್ತವೆ, ಹೋಗಿ ನಿಲ್ಲಲು ಜಾಗವಿರುತ್ತದೆ. ಇಲ್ಲಿ ಯಾರೂ ಇಲ್ಲ, ಅದು ಒಂಟಿ. ಗಿಟಾರ್ ನುಡಿಸಿದ ಟೋನಿ ಅಯೋಮಿ ಹದಿಹರೆಯದಲ್ಲಿ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳ ತುದಿ ಕಳೆದುಕೊಂಡವರು. ತಾವೇ ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ನುಡಿಸಿದರು. ಅದನ್ನು ತಿಳಿದ ಮೇಲೆ ಆ ಮೂರು ಸ್ವರ ಇನ್ನೂ ಭಾರವಾಗಿ ಕೇಳಿಸುತ್ತವೆ. ಉಳಿದ ಆಲ್ಬಮ್ ಏರುಪೇರು. ಮೊದಲ ಹಾಡಿಗಾಗಿ ಮಾತ್ರ ನಾನು ಅದನ್ನು ಇಟ್ಟುಕೊಂಡಿದ್ದೇನೆ.

'ಥ್ರಿಲ್ಲರ್' ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1982ರ ನವೆಂಬರ್, ಮೈಕಲ್ ಜಾಕ್ಸನ್, ನಿರ್ಮಾಪಕ ಕ್ವಿನ್ಸಿ ಜೋನ್ಸ್, ಒಂಬತ್ತು ಹಾಡು. ಎರಡನೇ ಸೈಡಿನ ಮೊದಲ ಮೂರು ಹಾಡುಗಳಿಗೆ ಸಾಟಿ ಇಲ್ಲ. 'ಬಿಲ್ಲೀ ಜೀನ್'ನಲ್ಲಿ ಡ್ರಮ್, ಬಾಸ್ ಶುರುವಾಗಿ ಎಷ್ಟು ಹೊತ್ತಾದ ಮೇಲೆ ದನಿ ಬರುತ್ತದೆ ನೋಡಿ, ಆ ಕಾಯಿಸುವ ಧೈರ್ಯ ದೊಡ್ಡದು. ಆದರೆ ಮೊದಲ ಸೈಡಿನಲ್ಲಿ ಪಾಲ್ ಮೆಕಾರ್ಟ್ನಿ ಜೊತೆಗಿನ 'ದಿ ಗರ್ಲ್ ಈಸ್ ಮೈನ್' ಇಡೀ ಓಟಕ್ಕೆ ಅಡ್ಡ ಬರುತ್ತದೆ. ಬಿಡಿಯಾಗಿ ಕೇಳುವವರಿಗೆ ಈ ತೊಂದರೆ ಕಾಣುವುದೇ ಇಲ್ಲ.

ಅನುಕ್ರಮ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಕೈಗೆ ಕೊಡುವುದು 'ಕಾಲ್ ಆಫ್ ದಿ ವ್ಯಾಲಿ'. 1967ರ ಎಲ್‌ಪಿ. ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನ. ಬೆಳಗ್ಗೆ ಅಹಿರ್ ಭೈರವ್ ರಾಗ, ಅಂದರೆ ನಮ್ಮ ಚಕ್ರವಾಕ ಇದ್ದಂತೆ. ಸಂಜೆಗೆ ಭೂಪ್, ಅದು ನಮ್ಮ ಮೋಹನ. ಆಮೇಲೆ ದೇಸ್, ಕೊನೆಗೆ ಪಹಾಡಿ. ರಾಗದ ಸಮಯವೇ ಹಾಡುಗಳ ಕ್ರಮವನ್ನು ಹೇಳಿಬಿಟ್ಟಿದೆ, ಒಂದನ್ನು ಆಚೀಚೆ ಮಾಡಿದರೂ ಕತೆ ಕೆಡುತ್ತದೆ. ಹಿನ್ನೆಲೆ ಸಂಗೀತದ ಹಾಗೆ ಹೋಟೆಲುಗಳಲ್ಲಿ ಹಾಕಿ ಹಾಕಿ ಇದನ್ನು ಹಗುರ ಮಾಡಿಬಿಟ್ಟಿದ್ದಾರೆ, ನನಗೆ ಬೇಜಾರು. ಕುಳಿತು ಕೇಳಿದರೆ ಅಹಿರ್ ಭೈರವದಲ್ಲಿ ಸಂತೂರಿನ ಒಂದೊಂದು ಏಟಿಗೂ ಮಂಜು ಸರಿಯುವುದು ಗೊತ್ತಾಗುತ್ತದೆ. ಪಹಾಡಿಗೆ ಬರುವ ಹೊತ್ತಿಗೆ ಸಿಹಿ ಸ್ವಲ್ಪ ಜಾಸ್ತಿಯಾಯಿತು ಅಂತ ನನಗನ್ನಿಸುತ್ತದೆ, ಅದಿರಲಿ.

ಎರಡು ಕಡೆಯ ಸಂಗೀತಗಾರರು ಕೂಡಿ ನುಡಿಸಿದ ಆಲ್ಬಮ್‌ಗಳಲ್ಲಿ ಶಕ್ತಿ ತಂಡದ 1976ರ 'ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ' ನನ್ನ ಮೆಚ್ಚಿನದು. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಂ ಘಟ. ಮೊದಲ ಟ್ರ್ಯಾಕ್ ಶುರುವಾಗುವುದೇ ಕೊನ್ನಕೋಲಿನಿಂದ, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದರಿಂದ. ಅವರ ಮೊದಲ ಆಲ್ಬಮ್‌ನಲ್ಲಿ ವೇಗದ್ದೇ ಮೆರವಣಿಗೆ, ಇದರಲ್ಲಿ ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತಾರೆ.

ಈಗ ಸರದಿಯಲ್ಲಿರುವುದು 2008ರ 'ಕಿನ್ಸ್‌ಮೆನ್'. ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಮತ್ತು ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್, ಇಬ್ಬರದೂ ಆಲ್ಟೊ ಸ್ಯಾಕ್ಸಫೋನ್. ಜೊತೆಗೆ ಕನ್ಯಾಕುಮಾರಿ ಅವರ ಪಿಟೀಲು. ಮನೆತನದಿಂದ ನಾಗಸ್ವರದವರಾದ ಕದ್ರಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ ಅದಕ್ಕೆ ಮನಸೋತವರು. ಒಂದೇ ವಾದ್ಯ, ಎರಡು ನಾಲಿಗೆ. ಮೊದಲ ಸಲ ಯಾರು ಯಾರು ಅಂತ ತಿಳಿಯದೆ ಕೇಳುತ್ತಿದ್ದರೂ ಸ್ವಲ್ಪ ಹೊತ್ತಿಗೆ ಗುರುತು ಸಿಕ್ಕಿಬಿಡುತ್ತದೆ. ಸ್ವರವನ್ನು ಬಾಗಿಸಿ, ತೂಗಿಸಿ ಮುಂದಿನ ಸ್ವರಕ್ಕೆ ಮುಟ್ಟಿಸುವ ದನಿ ಕದ್ರಿ ಅವರದು. ಒಂದೊಂದು ಸ್ವರವನ್ನೂ ಬಿಡಿಸಿ, ಅಂಚು ಕೊಟ್ಟು ನುಡಿಸುವವರು ಮಹಾಂತಪ್ಪ. ಇಬ್ಬರೂ ತಮ್ಮ ತಮ್ಮ ಭಾಷೆ ಬಿಡದೆ ಒಂದೇ ಮಾತು ಆಡುವುದನ್ನು ಇಷ್ಟು ಚೆನ್ನಾಗಿ ನಾನು ಬೇರೆ ಕಡೆ ಕೇಳಿಲ್ಲ. ನಾನಿನ್ನೂ ಎರಡನೇ ಸುತ್ತಿನಲ್ಲಿದ್ದೇನೆ, ತಾಳ ಕೈಗೆ ಸಿಗದ ಕೆಲವು ಜಾಗಗಳಿವೆ. ಮೃದಂಗ ನುಡಿಸುವ ಗೆಳೆಯರೊಬ್ಬರು ಬರುವ ಭಾನುವಾರ ಮನೆಗೆ ಬರುತ್ತೇನೆ ಅಂದಿದ್ದಾರೆ. ಅವರ ಜೊತೆ ಕುಳಿತು ಆ ಜಾಗಗಳನ್ನು ಎಣಿಸಿ ನೋಡಬೇಕು.